ಏಳು ಗಂಟೆಯ ಎಣಿಕೆ

ಸಾರಿಗೆ ಕಚೇರಿಯಲ್ಲಿ ಅವನ ಕೆಲಸ ಜನರನ್ನು ಎಣಿಸುವುದು. ನಿಲ್ದಾಣದ ಕಂಬಕ್ಕೊರಗಿ, ಬಸ್ ಹತ್ತಿದವರಿಗೆ ಒಂದೊಂದು ಗೀಟು ಎಳೆಯುತ್ತಲೇ ಇಪ್ಪತ್ತೆರಡು ವರ್ಷ ಕಳೆದಿದ್ದ. ಅವನಿದ್ದ ಗುಡ್ಡದ ಬಡಾವಣೆಯಲ್ಲಿ ಎಲ್ಲರಿಗೂ ಅವನು ‘ಎಣಿಕೆ ಮಾಮ’. ತಮಾಷೆಯೆಂದರೆ ಆ ಬಡಾವಣೆಗೆ ಬಸ್ಸೇ ಇರಲಿಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ನೂರಾ ಎಂಬತ್ತು ಮೆಟ್ಟಿಲಿಳಿದು, ಒಂದು ಗಂಟೆ ನಡೆದು ಮಾರುಕಟ್ಟೆ ನಿಲ್ದಾಣದಲ್ಲಿ ಏಳೂ ಹತ್ತರ ಬಸ್ ಹಿಡಿಯಬೇಕು. ಮಂಡಿ ಸವೆದಿದೆ, ಹೀಗೇ ನಡೆದರೆ ಕೆಲಸ ಬಿಡಬೇಕಾದೀತು ಎಂದು ವೈದ್ಯರು ಹೇಳಿಯಾಗಿತ್ತು.

ಹಾಗಾಗಿ ಹಿಂದುಳಿದ ಬಡಾವಣೆಯೊಂದಕ್ಕೆ ಹೊಸ ಬಸ್ ಮಾರ್ಗ ಬರುತ್ತದೆಂದು ಕೇಳಿದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಎಲ್ಲಿ ಜನ ಹೆಚ್ಚೋ ಅಲ್ಲಿಗೆ ಬಸ್ಸು. ಪಟ್ಟಿಯಲ್ಲಿ ಗುಡ್ಡವೂ ಇತ್ತು, ಮಾರುಕಟ್ಟೆ ಬಡಾವಣೆಯೂ ಇತ್ತು; ಗುಡ್ಡದ ಎಣಿಕೆಯನ್ನು ಅವನೇ ಕೇಳಿ ಪಡೆದ.

ಏಳಕ್ಕೆ ಸರಿಯಾಗಿ ಮೆಟ್ಟಿಲ ತುದಿಯಲ್ಲಿ ಹಾಳೆ ಹಿಡಿದು ನಿಂತಾಗ ಮೆಟ್ಟಿಲೆಲ್ಲ ಬರಿದಾಗಿತ್ತು. ಬಸ್ಸಿಲ್ಲದವರು ಏಳರವರೆಗೆ ಮನೆಯಲ್ಲಿ ಕೂತಿರುತ್ತಾರೆಯೇ? ದುಡಿಯುವವರೆಲ್ಲ ಆಗಲೇ ಇಳಿದು ಹೋಗಿದ್ದರು. ದಿನಾ ಆರಕ್ಕೆ ಹೆಂಡತಿಯನ್ನು ಕಳಿಸಿಕೊಡುವ ಮಹಾರಾಯನಿಗೆ ಇಷ್ಟು ಹೊಳೆಯಬಾರದೇ! ಹತ್ತು ಹೊಡೆಯುವಾಗ ಹಾಳೆಯಲ್ಲಿದ್ದದ್ದು ಹದಿನಾಲ್ಕು ಗೀಟು. ಸುಳ್ಳು ಗೀಟು ಎಳೆಯಲು ಅವನಿಗೆ ಮನಸ್ಸು ಬರಲಿಲ್ಲ.

“ಸರ್, ಮಾರ್ಕೆಟ್ ಸ್ಟಾಪಲ್ಲಿ ಹತ್ತಿದೋರಲ್ಲಿ ಅರ್ಧಕ್ಕರ್ಧ ನಮ್ಮ ಗುಡ್ಡದೋರೇ. ನಡ್ಕೊಂಡು ಬಂದು ಹತ್ತೋದು,” ಎಂದು ಕಚೇರಿಯಲ್ಲಿ ಮಾರ್ಗ ಗೊತ್ತುಮಾಡುವ ಎಂಜಿನಿಯರ್ ಮುಂದೆ ಅಂಗಲಾಚಿದ.

ಎಂಜಿನಿಯರ್ ಕೆಟ್ಟವರಲ್ಲ, ಕುರ್ಚಿ ಎಳೆದು ಕೂರಿಸಿದರು. “ನೀವು ಹೇಳೋದು ನಿಜಾನೇ ಇರ್ಬಹುದು. ಆದ್ರೆ ಎಲ್ಲಿಂದ ನಡೆದು ಬಂದ್ರು ಅಂತ ಬರೆಯೋಕೆ ಫಾರ್ಮಲ್ಲಿ ಜಾಗ ಇಲ್ವಲ್ಲ. ಮುಂದಿನ ಎಣಿಕೆ ಇನ್ನು ಐದು ವರ್ಷಕ್ಕೆ.”

ಹೊಸ ಬಸ್ಸು ಮಾರುಕಟ್ಟೆಯ ಪಾಲಾಯಿತು. ಉಂಡವರಿಗೇ ಮತ್ತೆ ಬಡಿಸಿದಂತೆ.

ಸಂಜೆ, ಮಂಡಿಗೆ ಶಾಖ ಕೊಟ್ಟುಕೊಳ್ಳುತ್ತಿದ್ದ ಹೆಂಡತಿಗೆ ಎಲ್ಲ ಹೇಳಿದ. ಅವಳು ಬಯ್ಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಆ ಹದಿನಾಲ್ಕರಲ್ಲಿ ನಾನಿಲ್ವಾ?” ಎಂದಳು.

“ಇಲ್ಲ ಕಣೇ. ಅಷ್ಟೊತ್ತಿಗೆ ನೀನು ಹೋಗಾಗಿತ್ತು.”

ಮರುವಾರದಿಂದ ಅವಳು ಐದೂವರೆಗೇ ಹೊರಡತೊಡಗಿದಳು. ನೋವು ಹೆಚ್ಚಿದ ಆ ಮಂಡಿಯಲ್ಲಿ ಆರಕ್ಕೆ ಬಿಟ್ಟರೆ ಬಸ್ ಸಿಗುತ್ತಿರಲಿಲ್ಲ. ಅವಳು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನಿಂದಾದದ್ದು ಅಷ್ಟೇ.