ಕೌದಿ ಹಿಡಿಯುವ ಮಶೀನು

ವಾಷಿಂಗ್ ಮಶೀನು ಕೊಳ್ಳಲು ಜನ ಬರಿಗೈಯಲ್ಲಿ ಹೋಗುತ್ತಾರೆ. ನಾನು ಹೆಗಲ ಮೇಲೆ ಕೌದಿ ಹೊತ್ತುಕೊಂಡು ಹೋದೆ. ಕುವೈತಿನ ಎಗೈಲಾದ ಆ ದೊಡ್ಡ ಮಾಲಿನಲ್ಲಿ, ಮುಖ ಕಾಣುವಷ್ಟು ನುಣುಪಾದ ನೆಲದ ಮೇಲೆ, ಗಂಟು ಹೊತ್ತ ನಾನು ಮುಂದೆ. ನನಗೂ ಅವರಿಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ, ಮೊಬೈಲು ನೋಡುತ್ತ ನನ್ನ ಗಂಡ ಹಿಂದೆ. ನಾಚಿಕೆ ಅವರಿಗೆ. ನನಗೆಂಥ ನಾಚಿಕೆ? ತೊಳೆಯಬೇಕಾದದ್ದು ಈ ಕೌದಿಯನ್ನು. ಅದು ಹಿಡಿಯುತ್ತದೋ ಇಲ್ಲವೋ ಎಂದು ಹಾಕಿ ನೋಡದೆ ಮಶೀನು ತರಲು ನನಗೇನು ತಲೆ ಕೆಟ್ಟಿದೆಯೇ?

ಇದೆಲ್ಲ ಶುರುವಾದದ್ದು ಡಾಕ್ಟರರಿಂದ. ಎರಡನೆಯ ತರಗತಿಯಲ್ಲಿದ್ದ ನಮ್ಮ ಮಗಳಿಗೆ ಆ ಚಳಿಗಾಲವಿಡೀ ಕೆಮ್ಮು. ಮೂಗು ಕಟ್ಟುವುದು, ಉಸಿರೆಳೆದರೆ ಎದೆಯೊಳಗೆ ಸುಂಯ್ ಎಂಬ ಸದ್ದು. ಡಾಕ್ಟರು ಪರೀಕ್ಷೆ ಮಾಡಿಸಿ, ಧೂಳಿನ ಅಲರ್ಜಿ ಎಂದರು. ಹಾಸುವುದು ಹೊದೆಯುವುದನ್ನೆಲ್ಲ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆಯಬೇಕು, ಹೊರಗೆ ಹಾಕದೆ ಮನೆಯೊಳಗೇ ಪೂರ್ತಿ ಒಣಗಿಸಬೇಕು, ಹಾಗೆ ಮಾಡಲಾಗದ್ದನ್ನು ಎಸೆದುಬಿಡಬೇಕು ಎಂದರು. ಮಗು ಏನು ಹೊದ್ದು ಮಲಗುತ್ತದೆ ಎಂದು ಕೇಳಿದಾಗ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ನೋಡಿದವರೇ, ಮೊದಲು ಇದನ್ನು ಎಸೆಯಿರಿ ಎಂದರು.

ಅದು ನಮ್ಮವ್ವ ಹೊಲಿದ ಕೌದಿ. ಬಾಗಲಕೋಟೆ ಕಡೆಯವರಿಗೆ ಕೌದಿ ಎಂದರೇನು ಎಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ಕೈಸೂಜಿಯಲ್ಲಿ ಒತ್ತೊತ್ತಾಗಿ ಹೊಲಿದ ಹೊದಿಕೆ ಅದು. ಚಳಿಗೆ ಅದರಷ್ಟು ಹಿತವಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಊರಿಗೆ ಹೋದವರು, ಲಗೇಜಿನ ಅರ್ಧ ತೂಕವನ್ನು ಅದಕ್ಕೇ ಕೊಟ್ಟು ಕುವೈತಿಗೆ ತಂದಿದ್ದೆವು. ಅವಳಿಗೆ ಅದಿಲ್ಲದೆ ನಿದ್ದೆ ಇಲ್ಲ. ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸುತ್ತ ಕಣ್ಣು ಮುಚ್ಚುವುದು ಅವಳ ಅಭ್ಯಾಸ.

ಡಾಕ್ಟರ ಮಾತನ್ನು ಅವ್ವನ ಕಿವಿಗೆ ಹಾಕಬಾರದು ಎಂದು ನಾನು ದಾರಿಯಲ್ಲೇ ನಿರ್ಧರಿಸಿದ್ದೆ. ಆದರೆ ಆ ಸಂಜೆ ವಿಡಿಯೋ ಕಾಲಿನಲ್ಲಿ ಮಗಳೇ ಹೇಳಿಬಿಟ್ಟಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ತೆರೆದರೆ ಮಾತ್ರ ಇಂಗ್ಲಿಷು.

"ಅಜ್ಜಿ, ಡಾಕ್ಟರ್ ಸೆಡ್ ಥ್ರೋ ದ ಕೌದಿ. ಐ ಕಾಂಟ್ ಬ್ರೀದ್ ಬಿಕಾಸ್ ಆಫ್ ಇಟ್."

ಪಕ್ಕದಲ್ಲಿದ್ದ ನನ್ನ ಅಣ್ಣ ಅದನ್ನು ಅವ್ವನಿಗೆ ಬಿಡಿಸಿ ಹೇಳಿದ. ಅವ್ವ, "ಸುಟ್ಟ ಬಿಡ್ರಿ ಅದನ್ನ. ಕೂಸಿನ ಜೀವಕ್ಕಿಂತ ದೊಡ್ಡದೇನ ಅದು?" ಎಂದು ಎದ್ದು ಹೋದಳು.

ವಾರ ಕಳೆದ ಮೇಲೆ ಅತ್ತಿಗೆ ಫೋನಿನಲ್ಲಿ ದನಿ ಇಳಿಸಿ ಹೇಳಿದಳು: "ಅತ್ತಿ ಸೂಜಿ ಬಿಟ್ಟಾರ. ಅರ್ಧ ಹೊಲದಿದ್ದ ಕೌದಿ ಗಂಟ ಕಟ್ಟಿ ಅಟ್ಟಕ್ಕ ಹಾಕಿಸ್ಯಾರ. ಕೌದಿಗಂತ ಮಂದಿ ಹಳೇ ಸೀರಿ, ಅರಿವಿ ತಂದ ಕೊಟ್ರ, ನನ್ನ ಕೈಗುಣ ಚಲೋ ಇಲ್ಲ, ಒಯ್ರಿ ಅಂತಾರ."

ನನಗೆ ನೆನಪಿರುವಾಗಿನಿಂದ ಅವ್ವನ ಕೈಯಲ್ಲಿ ಸೂಜಿ ಇಲ್ಲದ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಅಳುವುದು ನನ್ನ ಜಾಯಮಾನವಲ್ಲ, ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ. ಆ ಸಿಟ್ಟಿನಲ್ಲೇ ತೀರ್ಮಾನ ಮಾಡಿದೆ: ಮಗಳು ಸರಾಗವಾಗಿ ಉಸಿರಾಡಬೇಕು, ಇದೇ ಕೌದಿ ಹೊದ್ದು ಉಸಿರಾಡಬೇಕು, ಅದನ್ನು ನಮ್ಮವ್ವ ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ಮಗಳು ಅಂಗಡಿಯ ಬ್ಲ್ಯಾಂಕೆಟ್ಟಿನೊಳಗೆ ಮುಖ ಊದಿಸಿಕೊಂಡು ಮಲಗಿದಳು.

ಮನೆಯಲ್ಲಿದ್ದದ್ದು ಹಿಂದಿನ ಬಾಡಿಗೆಯವರು ಬಿಟ್ಟುಹೋದ, ಮೇಲಿನಿಂದ ಬಟ್ಟೆ ಹಾಕುವ ಮಶೀನು. ನೀರು ಕಾಯಿಸುವುದು ಅದರ ಹಣೆಯಲ್ಲಿ ಬರೆದಿಲ್ಲ. ಬೇಸಿಗೆಯಲ್ಲಾದರೆ ಚಿಂತೆಯಿಲ್ಲ, ತಾರಸಿಯ ಟ್ಯಾಂಕಿನಿಂದ ತಣ್ಣೀರಿನ ನಲ್ಲಿಯಲ್ಲೂ ಸುಡುವ ನೀರೇ ಬರುತ್ತದೆ. ಚಳಿಗಾಲದಲ್ಲಿ ಏನು ಮಾಡುವುದು? ಬಾಲ್ಕನಿಯಲ್ಲಿ ಒಣಹಾಕಿದರೆ ಕೆಳಗಿನಿಂದ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, "ಮಮ್ನೂ, ಮಮ್ನೂ", ಹಾಕಕೂಡದು, ಎಂದು ಕೈ ಆಡಿಸುತ್ತಾನೆ. ಅವನ ಕಣ್ಣು ತಪ್ಪಿಸಿ ಹಾಕಿದರೂ, ಒಂದು ಗಾಳಿ ಎದ್ದರೆ ಸಾಕು, ಒಗೆದ ಬಟ್ಟೆಗಳ ಮೇಲೆ ಮರಳಿನ ಲೇಪ. ಹಾಗಾಗಿ ತೊಳೆಯುವುದೂ ಒಣಗಿಸುವುದೂ ಒಳಗೇ ಆಗಬೇಕಿತ್ತು.

ಒಳಗೆ ಎಂದರೆ ಅಡಿಗೆಮನೆಯ ಪಕ್ಕದ ಲಾಂಡ್ರಿ ರೂಮು. ಹೆಸರಿಗೆ ರೂಮು, ನಾನು ಬಗ್ಗಿದರೆ ಹಿಂದಿನ ಗೋಡೆ ತಾಗುತ್ತಿತ್ತು. ಹಳೆಯ ಮಶೀನನ್ನು ಹೊರಗೆಳೆಸಿ, ಹೊಸ ಮಶೀನು ನಿಲ್ಲುವಷ್ಟು ಅಗಲಕ್ಕೆ ವೃತ್ತಪತ್ರಿಕೆ ಕತ್ತರಿಸಿ ನೆಲಕ್ಕೆ ಅಂಟಿಸಿದೆ. ಎರಡು ಮಶೀನು ಅಕ್ಕಪಕ್ಕ ಕೂರುವ ಮಾತೇ ಇರಲಿಲ್ಲ. ಒಂದೇ ಇಟ್ಟರೂ, ಒಳಕ್ಕೆ ತೆರೆಯುವ ರೂಮಿನ ಬಾಗಿಲು ಪೇಪರಿನ ಮೇಲೆಯೇ ಉಜ್ಜಿಕೊಂಡು ಹೋಗುತ್ತಿತ್ತು.

ನನ್ನ ಗಂಡ ಎಣ್ಣೆ ಸಂಸ್ಕರಣಾಗಾರವಿರುವ ಮೀನಾ ಅಬ್ದುಲ್ಲಾ ಎಂಬಲ್ಲಿನ ಕಾಂಟ್ರಾಕ್ಟ್ ಕಂಪನಿಯೊಂದರಲ್ಲಿ ಇಂಜಿನಿಯರು. ದಿನವಿಡೀ ಪಂಪು ಪೈಪುಗಳ ಜೊತೆ ಇರುವವರಿಗೆ ವಾಷಿಂಗ್ ಮಶೀನು ಯಾವ ಲೆಕ್ಕ?

"ಒಂದರಾಗ ಎರಡೂ ಬರತಾವಲ್ಲ," ಎಂದರು. "ಅದ ತೊಳೀತೈತಿ, ಅದ ಒಣಗಸ್ತೈತಿ. ಖಲಾಸ್."

"ಕೌದಿ ಹಿಡೀತೈತೇನ್ರಿ?"

"ಹತ್ತ ಕಿಲೋ ಅಂತ ಬರದಾರ. ಕೌದಿ ಹತ್ತ ಕಿಲೋ ಐತೇನ?"

"ತೊಯ್ದ ಮ್ಯಾಲೆ ನೀವ ಎತ್ತಿ ನೋಡ್ರಿ, ಗೊತ್ತಾಗ್ತೈತಿ."

ಒದ್ದೆ ಕೌದಿ ಎಂಥದು ಎಂದು ಅವರಿಗೇನು ಗೊತ್ತು? ಹೊಳೆಯ ದಂಡೆಯಲ್ಲಿ ಅವ್ವ ಒಂದು ತುದಿ, ಪಕ್ಕದ ಮನೆಯಾಕೆ ಇನ್ನೊಂದು ತುದಿ ಹಿಡಿದು ತಿರುಚುವುದನ್ನು ನೋಡಿ ಬೆಳೆದವಳು ನಾನು. ಅದಕ್ಕೇ ಗಂಟು ಹೊತ್ತು ಅಂಗಡಿಗೆ ಹೊರಟದ್ದು.

ಅಂಗಡಿಯ ಸೇಲ್ಸ್‌ಮನ್ ಮಂಗಳೂರು ಕಡೆಯ ಬ್ಯಾರಿ ಹುಡುಗ. ನಾವು ಗುಸುಗುಸು ಜಗಳವಾಡುವುದು ಕೇಳಿಸಿ ಕನ್ನಡದಲ್ಲೇ ಮಾತಿಗಿಳಿದ. ನಾನು ಗಂಟು ಬಿಚ್ಚಿದ್ದೇ ಕಣ್ಣರಳಿಸಿದ.

"ಇದೆಂಥದು ಮೇಡಂ? ಹಾಸಿಗೆಯನ್ನೇ ತಂದದ್ದಾ?"

"ಹಾಸಿಗಿ ಅಲ್ಲಪ್ಪ, ಕೌದಿ. ಬಾಗಲಾ ತಗಿ, ಹಾಕಿ ನೋಡ್ತೀನಿ."

"ಶೋರೂಮಿನ ಪೀಸ್ ಅದು ಮಾರ್ರೆ..."

"ನಾ ಏನ ನೀರ ಬಿಡಂದ್ನೇನ?"

ಅವನು ಅತ್ತಿತ್ತ ನೋಡಿ ಬಾಗಿಲು ತೆರೆದ. ಗಂಡ ಫ್ರಿಜ್ಜುಗಳ ಕಡೆ ಸರಿದು, ಯಾವುದೋ ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡರು. ಮೊದಲ ಮಶೀನಿನಲ್ಲಿ ಕೌದಿ ಅರ್ಧಕ್ಕೇ ಸಿಕ್ಕಿಕೊಂಡಿತು. ಎರಡನೆಯದರಲ್ಲಿ ಒತ್ತಿ ತುರುಕಿದರೆ ಹೋಯಿತು. ಹುಡುಗ ಬೇಡವೆಂದು ತಲೆಯಾಡಿಸಿದ.

"ಮೇಲೆ ಒಂದು ಅಂಗೈ ಜಾಗ ಇರ್ಬೇಕು ಮೇಡಂ. ಇಲ್ಲದಿದ್ರೆ ಬಟ್ಟೆ ತಿರುಗುದಿಲ್ಲ, ನಿಂತಲ್ಲೇ ನೆನೀತದೆ ಅಷ್ಟೇ."

ಆಮೇಲೆ ಒಂದರಲ್ಲೇ ಎರಡೂ ಇರುವ ಮಶೀನಿನ ಗುಟ್ಟನ್ನು ಕೇಳಿದೆ. ತೊಳೆಯುವುದು ಹತ್ತು ಕಿಲೋ ನಿಜ, ಒಣಗಿಸುವುದು ಆರೇ ಕಿಲೋ. ತೊಳೆದದ್ದರಲ್ಲಿ ಅರ್ಧದಷ್ಟು ಹೊರಗೆ ತೆಗೆದು, ಉಳಿದದ್ದನ್ನು ಒಣಗಿಸಬೇಕಂತೆ.

"ಕೌದಿ ಅರ್ಧಾ ಕತ್ತರಸ್ಲೇನ್ರಿ?" ಎಂದು ಫ್ರಿಜ್ಜಿನ ಕಡೆಗೆ ಕೂಗಿ ಕೇಳಿದೆ. ಅವರ ತಲೆ ಫ್ರಿಜ್ಜಿನೊಳಗೆ ಇನ್ನಷ್ಟು ಸರಿಯಿತು.

ಕಡೆಗೆ ಗೆದ್ದದ್ದು ಮುಂದಿನಿಂದ ತೆರೆಯುವ, ದೊಡ್ಡ ಹೊಟ್ಟೆಯ ವಾಷರು. ಕೌದಿ ಹಾಕಿದ ಮೇಲೂ ನನ್ನ ಅಂಗೈ ಸಲೀಸಾಗಿ ಒಳಗೆ ಹೋಯಿತು. ಅದರ ಮೇಲೆ ಕೂರಿಸಲು ಅದೇ ಕಂಪನಿಯ ಡ್ರೈಯರು, ನಡುವೆ ಎರಡನ್ನೂ ಬಿಗಿಯಾಗಿ ಹಿಡಿಯುವ ಒಂದು ಚೌಕಟ್ಟು. ಬಿಸಿಗಾಳಿಯನ್ನು ಕೊಳವೆಯಲ್ಲಿ ಹೊರಗೆ ಬಿಡುವ ಡ್ರೈಯರಾದರೆ ಗೋಡೆಗೆ ತೂತು ಹಾಕಬೇಕು. ಬಾಡಿಗೆ ಮನೆಯ ಗೋಡೆ ಕೊರೆಯಲು ಯಾರು ಬಿಡುತ್ತಾರೆ? ಬಟ್ಟೆಯ ತೇವವನ್ನು ಮತ್ತೆ ನೀರು ಮಾಡಿ ಮೋರಿಗೆ ಬಿಡುವಂಥದ್ದನ್ನೇ ಆರಿಸಿದೆ. ಡ್ರೈಯರಿನ ಗುಂಡಿ ನನ್ನ ಕೈಗೆ ಎಟುಕುತ್ತದೆಯೇ ಎಂದು, ಮೇಲೆ ಕೆಳಗೆ ಜೋಡಿಸಿಟ್ಟಿದ್ದ ಕಡೆ ಚಪ್ಪಲಿ ಬಿಟ್ಟು ನಿಂತು ಮುಟ್ಟಿ ನೋಡಿದೆ. ಎಟುಕಿತು. ಹುಡುಗ ನಗುತ್ತ ಬಿಲ್ಲು ಬರೆದ.

ಮನೆಯಲ್ಲಿ ಗಂಡ ತಮ್ಮ ಮಾನ ಉಳಿಸಿಕೊಂಡರು. ಹಾರಿಸ್‌ನನ್ನು ಕೇಳಿ ರೂಮಿನ ಬಾಗಿಲನ್ನೇ ಬಿಚ್ಚಿಟ್ಟು, ಅಲ್ಲಿ ನನ್ನದೊಂದು ಹಳೆಯ ಪರದೆ ಇಳಿಬಿಟ್ಟರು. ಬಾಗಿಲಿಲ್ಲದ್ದರಿಂದ ಹಜಾರದ ತಣ್ಣನೆಯ ಗಾಳಿ ಒಳಗೂ ಬಂದು, ಡ್ರೈಯರು ನಡೆದರೂ ರೂಮು ಕಾಯದಂತಾಯಿತು. ನಾನು ಹೊಗಳಿದೆ. ಹೊಗಳುವ ಕಡೆ ಹೊಗಳುತ್ತೇನೆ.

ಶುಕ್ರವಾರ ಬೆಳಿಗ್ಗೆ ಕೌದಿಯನ್ನು ಬಿಸಿನೀರಿಗೆ ಹಾಕಿದೆ. ಇಳಕಲ್ಲ ಸೀರೆಯ ಕೆಂಪು ಗಾಜಿನ ಹಿಂದೆ ಕುಂಕುಮದ ನೀರಿನಂತೆ ತಿರುಗಿತು. ಹೊರಗೆ ತೆಗೆದಾಗ ಅಪ್ಪನ ಧೋತರದ ಬಿಳಿ ತುಂಡುಗಳೆಲ್ಲ ನಸುಗೆಂಪಾಗಿದ್ದವು, ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ನಮ್ಮವ್ವನ ಹೊಲಿಗೆ ಬಿಡುವುದುಂಟೇ?

ಡ್ರೈಯರಿಗೆ ಹಾಕಿ ಗುಂಡಿ ತಿರುಗಿಸಿದೆ. ಮೊದಲು ಏನೂ ಇಲ್ಲ. ಕೌದಿ ಸ್ವಲ್ಪ ಆರಿ ಹಗುರಾಗುತ್ತಿದ್ದಂತೆ ಟಣ್. ಮತ್ತೆ ಟಣ್. ಓಡಿ ಬಂದ ಗಂಡ ಕಿವಿಗೊಟ್ಟು ಕೇಳಿ, "ಬೇರಿಂಗ್ ಹೋಗೈತಿ," ಎಂದರು. ನಿನ್ನೆ ಬಂದ ಮಶೀನಿನ ಬೇರಿಂಗು! ಅಂಗಡಿಗೆ ಫೋನು ಮಾಡಿ ನಾನು ಬೈದ ಬೈಗುಳ ಎದುರು ಮನೆಗೂ ಕೇಳಿಸಿರಬೇಕು.

ಮರುದಿನ ಮೆಕ್ಯಾನಿಕ್ ಬಂದ. ಖಾಲಿ ಡ್ರೈಯರು ಓಡಿಸಿದ. ಸದ್ದಿಲ್ಲ. ಮನೆಯ ಚಾದರ ಹಾಕಿ ಓಡಿಸಿದ. ಸದ್ದಿಲ್ಲ.

"ಬಾಜಿ, ಮಶೀನ್ ಠೀಕ್ ಹೈ," ಎಂದ, ನನ್ನನ್ನು ಉರ್ದುವಿನಲ್ಲಿ ಅಕ್ಕ ಎಂದು ಕರೆದು.

"ಹಂಗಾದ್ರ ಇದನ್ನ ಹಾಕಿ ನೋಡ್ ಭಾಯಿ," ಎಂದು ಕನ್ನಡದಲ್ಲೇ ಗದರಿ, ಅರೆಒಣಗಿದ ಕೌದಿಯನ್ನು ಅವನ ಕೈಗಿಟ್ಟೆ. ಹಾಕಿದ. ಟಣ್.

ಮೂವರೂ ಕೌದಿಯನ್ನೇ ನೋಡುತ್ತ ನಿಂತೆವು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಕೌದಿಯನ್ನು ನೆಲಕ್ಕೆ ಹಾಸಿ, ಒಂದೊಂದೇ ಮೂಲೆಯನ್ನು ಬೆರಳುಗಳ ನಡುವೆ ಹಿಚುಕುತ್ತ ಹೋದೆ. ಕೊನೆಯ ಮೂಲೆಯಲ್ಲಿ ದುಂಡಗೆ, ಗಟ್ಟಿಯಾಗಿ ಸಿಕ್ಕಿತು. ನಮ್ಮ ಕಡೆ ಕೌದಿ ಮುಗಿಸುವಾಗ ಒಂದು ಮೂಲೆ ತೆರೆದಿಟ್ಟು, ಅದರ ಹೊಟ್ಟೆಗೆ ಏನಾದರೂ ಹಾಕಿ ಹೊಲಿಯುತ್ತಾರೆ. ನಾಲ್ಕು ಕಾಳು, ರೊಟ್ಟಿಯ ಚೂರು, ಒಮ್ಮೊಮ್ಮೆ ದುಡ್ಡು. ಮೈ ಬೆಚ್ಚಗಿಡುವ ಕೌದಿ ತಾನು ಹಸಿದಿರಬಾರದು ಎಂದು. ನಾನು ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಗಂಡನಿಗೂ ನಗು ತಡೆಯಲಾಗಲಿಲ್ಲ. ಮೆಕ್ಯಾನಿಕ್ ಮಾತ್ರ ಗಾಜು ತೋರಿಸಿ, ಇದು ಒಡೆಯುತ್ತದೆ, ಆ ನಾಣ್ಯ ತೆಗೆಯಿರಿ ಎಂದು ಹೇಳಿ ಹೋದ.

ಅವ್ವ ಮುಚ್ಚಿದ ಹೊಟ್ಟೆಯನ್ನು ಅವ್ವನಿಗೆ ಹೇಳದೆ ಬಿಚ್ಚುವುದಕ್ಕೆ ನನ್ನ ಕೈ ಬರಲಿಲ್ಲ. ವಿಡಿಯೋ ಕಾಲು ಮಾಡಿದೆ. ಕೌದಿ ಸುಡಲು ಹೇಳಿದ ಆ ದಿನದ ಮೇಲೆ ಅವ್ವ ನನ್ನೊಡನೆ ಊಟ ಆತೇನ, ಅಲ್ಲಿ ಚಳಿ ಐತೇನ ಎನ್ನುವುದನ್ನು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ.

"ಯವ್ವಾ, ಕೌದಿ ಹೊಟ್ಟ್ಯಾಗ ರೂಪಾಯಿ ಇಟ್ಟೀಯೇನ?"

ಅವ್ವ ಬೆಚ್ಚಿದಳು. "ಇನ್ನೂ ಐತೇನ ಅದು? ಸುಟ್ಟ ಬಿಡ್ರಿ ಅಂದಿದ್ನಲ್ಲ!"

"ನಾ ಯಾಕ ಸುಡ್ಲಿ? ಅದರ ಸಲುವಾಗಿ ಎರಡ ಮಶೀನ್ ತಂದೀನಿ."

ಫೋನು ತಿರುಗಿಸಿ ಒಂದರ ಮೇಲೊಂದು ಕೂತ ಮಶೀನುಗಳನ್ನು ತೋರಿಸಿದೆ, ನೆಲದ ಮೇಲಿನ ಕೌದಿ ತೋರಿಸಿದೆ, ನಾಣ್ಯದ ಕಥೆ ಹೇಳಿದೆ.

"ದೂರ ಹೊಂಟಿತ್ತಲ್ಲ, ಬರೇ ಕಾಳ ಹಾಕಿದ್ರ ಸಾಲೂದಿಲ್ಲಂತ ಇಟ್ಟೆ," ಎಂದಳು ಅವ್ವ ಮೆಲ್ಲಗೆ. "ತಗೀರಿ. ಆದ್ರ ಖಾಲಿ ಹೊಟ್ಟೀಲೆ ಮುಚ್ಚಬ್ಯಾಡ್ರಿ ಮತ್ತ."

ಇಷ್ಟನ್ನೂ ಕೇಳುತ್ತ ನಿಂತಿದ್ದ ಮಗಳು ಒಳಗೆ ಓಡಿದಳು. ತನಗೆ ಗಿಡ್ಡವಾದ ಫ್ರಾಕೊಂದನ್ನು ತಂದು, ಅದರ ಕಿಸೆಯನ್ನು ಹಿಡಿದು ತೋರಿಸಿದಳು. "ಪುಟ್ ದಿಸ್ ಅಮ್ಮಾ. ನೋ ನಾಯ್ಸ್."

ನಾಣ್ಯ ತೆಗೆದು, ಆ ಕಿಸೆ ಕತ್ತರಿಸಿ ನಾಣ್ಯವಿದ್ದ ಜಾಗಕ್ಕೆ ಇಟ್ಟು ಹೊಲಿದೆ. ನನ್ನ ಹೊಲಿಗೆ ಅವ್ವನಿಗೆ ಫೋನಿನಲ್ಲೇ ಸಹಿಸಲಾಗಲಿಲ್ಲ. "ಏ ಹುಚ್ಚಿ, ಎತ್ತಿನ ಹೆಜ್ಜಿ ಇಟ್ಟಂಗ ಹೊಲೀಬ್ಯಾಡ. ಸಣ್ಣ ಹಾಕ, ಸಣ್ಣ ಹಾಕ!" ಬೈದಳು. ಎಷ್ಟು ದಿನಗಳ ಮೇಲೆ ಬೈದಳು ನಮ್ಮವ್ವ! ನನಗೆ ಜೀವ ಬಂದಂತಾಯಿತು.

ಅಂದಿನಿಂದ ವಾರ ವಾರವೂ ಕೌದಿ ಒಂದು ಬಾಗಿಲಿನಿಂದ ಇಳಿದು ಇನ್ನೊಂದು ಬಾಗಿಲು ಹತ್ತಿತು. ಮಗಳು ಅದನ್ನೇ ಹೊದ್ದು ಮಲಗಿದಳು. ಡಾಕ್ಟರು ಕೊಟ್ಟ ಔಷಧಿಯೂ ಕೆಲಸ ಮಾಡಿತು, ಇಲ್ಲವೆನ್ನುವುದಿಲ್ಲ. ಮತ್ತೆ ತೋರಿಸಲು ಹೋದಾಗ ಅವರು ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿ, ಪೂರ್ತಿ ಸರಿಯಾಗಿದೆ ಎಂದರು. ಕೌದಿ ಎಸೆದಿಲ್ಲ ಎಂದು ನಾನಾಗಿಯೇ ಹೇಳಿದೆ. ಅವರು ನಕ್ಕು, ಹೀಗೇ ತೊಳೆಯುತ್ತಿರಿ ಎಂದರು.

ಕಾರಿನಲ್ಲಿ ಕೂತವಳೇ ಅವ್ವನಿಗೆ ಕಾಲು ಮಾಡಿದೆ.

"ಎದಿ ಸ್ವಚ್ಛ ಐತಂತವ್ವ. ಕೆಮ್ಮಿಲ್ಲ, ಸುಂಯ್ ಇಲ್ಲ."

"ಏನ ಹೊಚ್ಚಿ ಮಲಗಸ್ತಿ?"

"ಅದನ್ನ. ನಿನ್ನ ಕೌದಿನ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಅಲುಗುವುದು ಕಾಣುತ್ತಿತ್ತು. "ನಾ ಹೊಲದದ್ದ ಕೂಸಿನ ಉಸರ ಹಿಡೀತಲ್ಲ ಅಂತ, ಜೀವಾ ಸುಟ್ಟಂಗ ಆಗಿತ್ತ ಯವ್ವಾ," ಎಂದಳು. ಗಂಡ ಹೊರಡಲು ಚಾಲೂ ಮಾಡಿದ್ದ ಕಾರನ್ನು ಆರಿಸಿದರು.

ಅವ್ವ ಮುಖ ಒರೆಸಿಕೊಂಡು, ಅಟ್ಟದ ಮೇಲಿನ ಗಂಟು ಇಳಿಸು ಎಂದು ಅತ್ತಿಗೆಯನ್ನು ಕೂಗಿದಳು. ಚಾಳೀಸು ಮೂಗಿಗೇರಿಸಿಕೊಂಡು ಫೋನಿಗೆ ಹತ್ತಿರ ಬಂದಳು.

"ಆ ನಿನ್ನ ಮಶೀನಿನ ಬಾಯಿ ಎಷ್ಟ ದೊಡ್ಡದೈತಿ?" ಎಂದಳು. "ಅಳತಿ ತಗದ ಹೇಳ. ಇದನ್ನ ಅದಕ್ಕ ಹಿಡಿಯುವಂಗ ಹೊಲೀತೀನಿ."