ಹಾಲಸ್ವಾಮಿ ‘ಮತ್ತಿತರರು’ ಆದದ್ದು

ಭದ್ರಾವತಿ ಹಳೇನಗರದ ಡಾಕ್ಟರ್ ಹಾಲಸ್ವಾಮಿಯವರನ್ನು ಜನ ಕೊಕ್ಕೆಹುಳದ ಡಾಕ್ಟರು ಎಂದೇ ಕರೆಯುತ್ತಿದ್ದರು. ಬರಿಗಾಲಲ್ಲಿ ಗದ್ದೆಗಿಳಿದ ಹೆಂಗಸರ ಅಂಗಾಲಿನಿಂದ ಹೊಕ್ಕು, ಕರುಳಿನಲ್ಲಿ ಕೂತು ರಕ್ತ ಕುಡಿಯುವ ಹುಳ ಅದು. ಅದಕ್ಕೆ ಔಷಧಿ ಆಗಲೂ ಇತ್ತು. ಆದರೆ ಬಿಳಿಚಿಕೊಂಡ ಬಾಣಂತಿಗೆ ಕೊಟ್ಟರೆ ತಡೆದುಕೊಳ್ಳುವ ಶಕ್ತಿ ಬೇಕಲ್ಲ? ಮೊದಲು ಕಬ್ಬಿಣದ ಗುಳಿಗೆ ಕೊಟ್ಟು ರಕ್ತ ಕೂಡಿಸಿ, ಆಮೇಲೆ ಹುಳದ ತಂಟೆಗೆ ಹೋಗಿ ಎಂಬುದು ಹಾಲಸ್ವಾಮಿಯವರ ವಾದ. ಅದನ್ನು ತೋರಿಸಿಕೊಡಲು ವರ್ಷಗಟ್ಟಲೆ ಹಳ್ಳಿಹಳ್ಳಿಗೆ ಸೈಕಲ್ ತುಳಿದರು, ಬೆರಳು ಚುಚ್ಚಿ ರಕ್ತ ತೆಗೆದರು, ಬೈಸಿಕೊಂಡರು. 1958ರಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಲೇಖನ ಮಾಡಿ ಬರೆದರು.

ತಪ್ಪಾದದ್ದು ಅಲ್ಲೇ. ಆಗ ತಂಗಿಯ ಮದುವೆ. ಶಿವಮೊಗ್ಗದ ಗಾಂಧಿ ಬಜಾರಿನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಅಚ್ಚಾಗುತ್ತಿತ್ತು. ಒಂದು ಕಡ್ಡಿ ಎತ್ತಿಡದ ದೊಡ್ಡಪ್ಪನ ಹೆಸರು ಎಲ್ಲರಿಗಿಂತ ಮೇಲೆ. ದುಡಿದು ಹೈರಾಣಾದ ಅಣ್ಣನ ಹೆಸರು ಕೊನೆಗೆ. ನಮ್ಮ ಕಡೆ ಹಾಗೇ. ಹಾಲಸ್ವಾಮಿ ಲೇಖನಕ್ಕೂ ಹಾಗೇ ಮಾಡಿದರು. ಶಿವಮೊಗ್ಗದಲ್ಲಿದ್ದ ತಮ್ಮ ಗುರು ಡಾಕ್ಟರ್ ಚಂದ್ರಶೇಖರಪ್ಪನವರ ಹೆಸರನ್ನು ಮೊದಲು ಬರೆದು, ತಮ್ಮದನ್ನು ಕೆಳಗೆ ಬರೆದು, ಕಾಂಪೌಂಡರ್ ಶೇಷಪ್ಪನದನ್ನೂ ಸೇರಿಸಿದರು.

“ಬೇಡ ಕಣಯ್ಯ, ನಾನೇನು ಮಾಡಿದೀನಿ ಇದರಲ್ಲಿ?” ಎಂದರು ಗುರುಗಳು.

“ನೀವಿಲ್ದೆ ನಾನು ಡಾಕ್ಟರಾಗ್ತಿದ್ನಾ ಸಾರ್?”

“ನಿನ್ನ ಸಂತೋಷ” ಎಂದು ಗುರುಗಳು ಕಾಫಿ ಕುಡಿದರು.

ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಯಿತು. ಎರಡು ಮೂರು ವರ್ಷದಲ್ಲಿ ಎಲ್ಲೆಲ್ಲಿಯದೋ ಡಾಕ್ಟರುಗಳು ತಮ್ಮ ಲೇಖನಗಳಲ್ಲಿ ಅದನ್ನು ಎತ್ತಿ ಹೇಳತೊಡಗಿದರು. ಹಾಗೆ ಹೇಳುವಾಗ, ಮುಖ್ಯ ಕೆಲಸ ಮಾಡಿದವನದೆಂದು ಮೊದಲ ಹೆಸರೊಂದನ್ನೇ ಬರೆದು, ಉಳಿದವರನ್ನೆಲ್ಲ ಒಟ್ಟು ಮಾಡಿ ‘ಮತ್ತಿತರರು’ ಎನ್ನುವುದು ಅವರ ಪದ್ಧತಿ. ಹಾಲಸ್ವಾಮಿ ಒಂದು ಪತ್ರಿಕೆ ತಂದು ಹೆಂಡತಿ ಶಂಕರಮ್ಮನಿಗೆ ಓದಿ ಹೇಳಿದರು: ‘ಚಂದ್ರಶೇಖರಪ್ಪ ಮತ್ತಿತರರು ಕಂಡುಕೊಂಡಂತೆ...’

“ಮತ್ತಿತರರು ಅಂದ್ರೆ ಯಾರ್ರೀ?”

“ನಾನೇ ಕಣೇ!”

“ಚೆನ್ನಾಗಿದೆ. ಹೊಲ ಉತ್ತೋರು ನೀವು, ಕಣದಲ್ಲಿ ರಾಶಿ ಅವರದ್ದು.”

“ಗುರುಗಳ ಬಗ್ಗೆ ಹಂಗೆಲ್ಲ ಅನ್ಬಾರ್ದು ಮಾರಾಯ್ತಿ” ಎಂದು ನಕ್ಕರು ಹಾಲಸ್ವಾಮಿ.

1964ರಲ್ಲಿ ಶಿವಮೊಗ್ಗದಲ್ಲಿ ಈ ಕಾಯಿಲೆಗೇ ಒಂದು ಸಂಶೋಧನಾ ಘಟಕ ತೆರೆಯುವುದೆಂದಾಯಿತು. ಒಳ್ಳೆಯ ಲ್ಯಾಬು, ಓಡಾಡಲು ಜೀಪು. ಮುಖ್ಯಸ್ಥನ ಜಾಗಕ್ಕೆ ಹಾಲಸ್ವಾಮಿ ಅರ್ಜಿ ಹಾಕಿದರು. ಬಾಳೆಲ್ಲ ಕಾದದ್ದೇ ಅದಕ್ಕೆ. ಆಯ್ಕೆ ಸಮಿತಿಯಲ್ಲಿ ಚಂದ್ರಶೇಖರಪ್ಪನವರಿದ್ದಾರೆಂದು ತಿಳಿದಾಗ, ಇನ್ನೇನು ಕೆಲಸ ಆದಂತೆಯೇ ಎಂದುಕೊಂಡು ಬೆಳಗಿನ ರೈಲು ಹತ್ತಿದರು.

ಸಮಿತಿಯ ಅಧ್ಯಕ್ಷರು ಲೇಖನ ಮುಂದಿಟ್ಟುಕೊಂಡು ಕೇಳಿದರು: “ಬಹಳ ಜನ ಉಲ್ಲೇಖಿಸಿರೋ ಕೆಲಸ. ಇದರಲ್ಲಿ ನಿಮ್ಮ ಪಾಲೆಷ್ಟು?”

ಪೂರ್ತಿ ನನ್ನದೇ ಎನ್ನಬೇಕಿತ್ತು. ಗುರುಗಳು ಎದುರಿಗೇ ಕೂತಿರುವಾಗ ಹಾಗೆನ್ನುವುದು ಹೇಗೆ? ಕೈಮುಗಿದು, “ಅದನ್ನ ನಮ್ಮ ಗುರುಗಳೇ ಹೇಳಬೇಕು ಸಾರ್” ಎಂದರು.

ಚಂದ್ರಶೇಖರಪ್ಪನವರು ಕನ್ನಡಕ ತೆಗೆದು ಒರೆಸಿದರು. “ಒಳ್ಳೆ ಹುಡುಗ. ಹಳ್ಳಿಗೆ ಹೋಗಿ ರಕ್ತ ತಂದುಕೊಡ್ತಿದ್ದ. ಹೇಳಿದ್ದನ್ನ ಅಚ್ಚುಕಟ್ಟಾಗಿ ಮಾಡ್ತಾನೆ.”

ಹೇಳಿದ್ದನ್ನ ಮಾಡುತ್ತಾನಂತೆ! ಆ ಮನುಷ್ಯ ಒಂದು ಹಳ್ಳಿಯ ಕೆಸರು ತುಳಿದವರಲ್ಲ, ಒಬ್ಬ ಹೆಂಗಸಿನ ಕೆಳರೆಪ್ಪೆ ಜಗ್ಗಿ ರಕ್ತವಿದೆಯೇ ಎಂದು ನೋಡಿದವರಲ್ಲ. ಜಾಗ ಚಂದ್ರಶೇಖರಪ್ಪನವರ ಅಳಿಯನಿಗಾಯಿತು.

ಹಾಲಸ್ವಾಮಿ ಕಚೇರಿಯ ಜಗುಲಿಯಲ್ಲೇ ಕಾದಿದ್ದು ಗುರುಗಳನ್ನು ಅಡ್ಡಗಟ್ಟಿದರು. “ಏನ್ ಸಾರ್ ಇದು?”

“ನಾನು ಬೇಡ ಅಂದೆ, ನೀನೇ ಹಾಕ್ದೆ. ಗುರುಗಳಿಗೆ ಕೊಟ್ಟ ಕಾಣಿಕೆನ ಯಾರಾದ್ರೂ ವಾಪಸ್ ಕೇಳ್ತಾರೇನಯ್ಯ?” ಭುಜ ತಟ್ಟಿದರು. “ಬೇಜಾರಾಗ್ಬೇಡ. ನಿನ್ನ ಹತ್ರ ಹೊಸ ಕೇಸುಗಳಿವೆಯಲ್ಲ, ನಮ್ಮ ಅಳಿಯಂಗೆ ಕೊಡು. ಮುಂದಿನದ್ರಲ್ಲಿ ನಿನ್ನ ಹೆಸರೂ ಇರುತ್ತೆ.”

ಭುಜದ ಮೇಲಿನ ಕೈಯನ್ನು ಹಾಲಸ್ವಾಮಿ ತೆಗೆದುಹಾಕಿದರು. ಹೋಗುವಾಗ ಕಾಲು ಮುಟ್ಟುವುದು ಅವರ ರೂಢಿ. ಅವತ್ತು ಮುಟ್ಟಲಿಲ್ಲ.

ಮನೆಯಲ್ಲಿ ಶಂಕರಮ್ಮ ರೊಟ್ಟಿ ಬಡಿಯುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿ ಕೈ ನಿಲ್ಲಿಸಿದರು. “ಅವ್ರು ಸುಳ್ಳು ಹೇಳಿದ್ರು ಸರಿ. ನಾನು ಮಾಡಿದ್ದು ಅಂತ ಹೇಳೋಕೆ ನಿಮಗೇನಾಗಿತ್ತು?”

“ನಾನೇ ಮಾಡಿದ್ದು!” ಹಾಲಸ್ವಾಮಿ ಕಿರುಚಿದರು. “ಒಂದೊಂದು ತೊಟ್ಟು ರಕ್ತಾನೂ ನಾನೇ ನೋಡಿದ್ದು! ಒಂದೊಂದಕ್ಷರಾನೂ ನಾನೇ ಬರೆದದ್ದು! ಆತ ಕಾಫಿ ಕುಡಿದ, ಅಷ್ಟೇ!”

ಪಕ್ಕದ ಮನೆಯ ಹೂವಮ್ಮ ಗಾಬರಿಯಾಗಿ ಗೋಡೆಯಾಚೆಯಿಂದ, “ಏನಾಯ್ತು ಶಂಕರಮ್ಮಾ?” ಎಂದು ಕೂಗಿದರು.

ಹಾಲಸ್ವಾಮಿ ಆ ಗೋಡೆಯ ಕಡೆಗೇ ತಿರುಗಿ, ಇನ್ನೂ ಗಟ್ಟಿಯಾಗಿ, ಮತ್ತೆ ಮೊದಲಿನಿಂದ ಹೇಳತೊಡಗಿದರು.