ಕಲಾಯಿ ಕಾಣದ ಬೋಗುಣಿ

ಅತ್ತಿಗೆ, ನಿಮ್ಮ ಮೀನಿನಲ್ಲಿ ವಿಷ ಇರಲಿಲ್ಲ. ವಿಷ ಬೋಗುಣಿಯಲ್ಲಿತ್ತು. ಅದನ್ನು ಅಲ್ಲಿ ಸವರಿಟ್ಟವನು ನಾನು—ನೀವು ಕೈತುತ್ತು ಹಾಕಿ ಬೆಳೆಸಿದ ಮೈದುನ.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು. ಆ ಮಧ್ಯಾಹ್ನ ನೆನಪಾದಾಗಲೆಲ್ಲ ನಿಮ್ಮ ಮಗಳು ಪುಟ್ಟಿ ಬಾಯಿ ತೆರೆದು ತುತ್ತಿಗೆ ಕಾಯುತ್ತಿರುವುದು ಕಾಣುತ್ತದೆ. ನೆನಪು ಅಲ್ಲಿಗೆ ನಿಲ್ಲುತ್ತದೆ. ಅಲ್ಲಿಂದ ಮತ್ತೆ ಮೊದಲಿಗೆ ಹೋಗುತ್ತದೆ.

ಕಳೆದ ವಾರ ನಿಮ್ಮ ಮನೆಗೆ ಬಂದಿದ್ದೆನಲ್ಲ. ಪುಟ್ಟಿ ತನ್ನ ಗೆಳತಿಯ ಮನೆಯಲ್ಲಿ ಮೀನು ಸಾರು ಉಂಡು ಬಂದಿದ್ದಳು. ಎಷ್ಟು ಚೆನ್ನಾಗಿತ್ತು, ನೀವ್ಯಾಕೆ ಮಾಡಲ್ಲ ಅಂತ ನಿಮ್ಮನ್ನು ಕೇಳಿದಳು. ನೀವು ಅಕ್ಕಿ ಆರಿಸುತ್ತಿದ್ದಿರಿ. ತಲೆ ಎತ್ತಲಿಲ್ಲ.

"ನನ್ ಕೈ ಮೀನಿಗೆ ಆಗಲ್ಲ ಕಣವ್ವ. ನಿನ್ನೇ ಕೊಂದ್‌ಬುಡ್ತಿದ್ದೆ."

ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತ ಕುಳಿತಿದ್ದೆ. ಇಷ್ಟು ದಿನ ನನ್ನೊಳಗೆ ಒಂದು ಸಮಾಧಾನ ಇತ್ತು—ಅವ್ವ ಬೈದಳು, ಜನ ಆಡಿಕೊಂಡರು, ಆದರೆ ಅತ್ತಿಗೆಗೆ ಗೊತ್ತು, ತನ್ನ ತಪ್ಪಿಲ್ಲವೆಂದು ಅತ್ತಿಗೆಯ ಮನಸ್ಸಿಗಾದರೂ ಗೊತ್ತು ಎಂದು. ಗೊತ್ತಿರಲಿಲ್ಲ. ಮಗಳನ್ನು ಕೊಲ್ಲಲು ಹೋದ ಕೈ ಎಂದೇ ನೀವು ನಿಮ್ಮ ಕೈಯನ್ನು ಇಷ್ಟು ಕಾಲ ನೋಡಿಕೊಂಡಿದ್ದೀರಿ. ಲೋಟ ಕೆಳಗಿಟ್ಟು ಎದ್ದು ಬಂದೆ.

ಮೊದಲಿನಿಂದ ಹೇಳುತ್ತೇನೆ.

ನೀವು ನಮ್ಮ ಮನೆಗೆ ಬಂದಾಗ ನಾನು ಚಡ್ಡಿ ಹಾಕುವ ಹುಡುಗ. ನರಸೀಪುರದ ಆಚೆಯ ಹೊಳೆಸಾಲಿನ ಊರು ನಿಮ್ಮದು. ನಿಮ್ಮೊಂದಿಗೆ ನಮ್ಮ ಮನೆಗೆ ಮೀನು ಬಂತು. ಹಸಿ ಹುಲ್ಲಿನ ಮೇಲೆ ಮಲಗಿಸಿ ತರುತ್ತಿದ್ದ ಗೆಂಡೆ ಮೀನು. ಕೆಂಡದಲ್ಲಿ ಸುಟ್ಟ ಈರುಳ್ಳಿ, ಹುರಿದ ಧನಿಯ, ಎಣಿಸಿ ಹಾಕಿದಷ್ಟು ಮೆಂತ್ಯದ ಕಾಳು, ಕೊಬ್ಬರಿ—ಒರಳಿನಲ್ಲಿ ನೀವು ರುಬ್ಬುತ್ತಿದ್ದರೆ ನಾನು ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಮಸಾಲೆ ಒಳಕ್ಕೆ ನೂಕುವವನು. ಹುಣಸೆಹುಳಿ ಕುದಿದು ಅದರ ಹಸಿ ವಾಸನೆ ಹೋದ ಮೇಲೇ ಮೀನು ಬಿಡಬೇಕು, ಬಿಟ್ಟ ಮೇಲೆ ಸೌಟು ಆಡಿಸಬಾರದು, ಪಾತ್ರೆಯನ್ನೇ ಹಿಡಿದು ಅಲುಗಿಸಬೇಕು. ಅವತ್ತಿಗಿಂತ ಮಾರನೆಯ ಬೆಳಿಗ್ಗೆ ಅದರ ರುಚಿ ಹೆಚ್ಚು. ತಂಗಳು ಮುದ್ದೆ ಮುರಿದು ಆ ಗಟ್ಟಿ ಸಾರಿನಲ್ಲಿ ಅದ್ದಿ, ನೀವು ಮುಳ್ಳು ತೆಗೆದು ಅಂಗೈಯಲ್ಲಿ ಹಿಡಿದು ಕೊಡುತ್ತಿದ್ದ ಆ ಬಿಳಿ ತುಣುಕು... ನನಗೆ ಅದಕ್ಕಿಂತ ದೊಡ್ಡ ಊಟ ಈವರೆಗೂ ಸಿಕ್ಕಿಲ್ಲ. ನನ್ನ ಹೆಂಡತಿ ಒಳ್ಳೆಯ ಅಡಿಗೆಯವಳು. ಮೀನನ್ನೂ ಮಾಡುತ್ತಾಳೆ. ನಾನು ಒಂದು ತುತ್ತು ಬಾಯಿಗಿಟ್ಟು, ಇದಲ್ಲ, ಎಂದುಕೊಳ್ಳುತ್ತೇನೆ. ಆ ಸಾರಿಗಾಗಿ ಹಂಬಲಿಸುವ ಹಕ್ಕು ಈ ಲೋಕದಲ್ಲಿ ಒಬ್ಬನಿಗೆ ಇಲ್ಲವೆಂದರೆ ಅದು ನನಗೆ—ಆದರೂ ನಾಲಿಗೆಗೆ ನಾಚಿಕೆ ಇಲ್ಲ.

ಅಣ್ಣನಿಗೆ ಕಚೇರಿಯ ಕೆಲಸ ಸಿಕ್ಕಿ ನಾವು ನಗರದ ಕೃಷ್ಣಮೂರ್ತಿಪುರಂ ಬಡಾವಣೆಗೆ ಬಂದೆವು. ನಾನು ಕಾಲೇಜು ಸೇರಿದೆ. ಎದುರಿನ ಮನೆಯಲ್ಲೇ ಮನೆ ಮಾಲೀಕರು, ಅವರ ಮಗ ನನ್ನ ತರಗತಿಯವನು. ಸುತ್ತ ಎಲ್ಲ ಸಸ್ಯಾಹಾರದವರು. ಒಂದು ದಿನ ಅವನು ಕೇಳಿದ, ನೀವು ಮೀನು ಗೀನು ತಿಂತೀರೇನೋ ಅಂತ. ಸುಮ್ಮನೆ ಕೇಳಿದ, ಚುಚ್ಚಲಿಕ್ಕಲ್ಲ. ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ ಎಂದುಬಿಟ್ಟೆ.

ಆ ಒಂದು ಸುಳ್ಳಿಗೆ ಕಾವಲು ಕಾಯುವುದೇ ಆಮೇಲೆ ನನ್ನ ಕೆಲಸವಾಯಿತು. ಮಣ್ಣಿನ ಕುಡಿಕೆ ವಾಸನೆ ಹಿಡಿದುಕೊಳ್ಳುತ್ತದೆ ಎಂದು ನಿಮ್ಮ ಮೀನಿನ ಕುಡಿಕೆಯನ್ನು ನಾನೇ ಒಡೆಸಿದೆ. ನೀವು ನಿಮ್ಮ ಮದುವೆಯಲ್ಲಿ ತವರಿನವರು ಕೊಟ್ಟ ಹಿತ್ತಾಳೆ ಬೋಗುಣಿಯನ್ನು ಮೀನಿಗೆ ಇಟ್ಟುಕೊಂಡಿರಿ. ಮೀನು ಬೇಯುವಾಗ ಬೀದಿ ಕಡೆಯ ಕಿಟಕಿ ಮುಚ್ಚಬೇಕೆಂದು ಹಟ ಹಿಡಿದೆ. ಅದಕ್ಕೂ ಒಪ್ಪಿದಿರಿ. ಓದುವ ಹುಡುಗ, ಅವನಿಗೆ ಇರುಸುಮುರುಸು ಆಗಬಾರದು ಎಂದು ಅವ್ವನಿಗೆ ನೀವೇ ಸಮಾಧಾನ ಹೇಳಿದಿರಿ.

ಹಿತ್ತಾಳೆ ಪಾತ್ರೆಯ ಒಳಗೆ ಕಲಾಯಿ ಬೇಕು, ತವರದ ಬಿಳಿ ಲೇಪ. ಅದು ಸವೆದು ಒಳಗೆ ಹಳದಿ ಕಂಡರೆ ಹುಳಿ ಕುದಿಸಬಾರದು—ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬೋಗುಣಿಯ ತಳದಲ್ಲಿ ಹಳದಿ ಕಂಡಿತ್ತು. ಕಲಾಯಿಯವನು ಬೀದಿಯ ಕೊನೆಯ ಹೊಂಗೆಮರದ ಕೆಳಗೆ ತಿದಿ ಹೂಡಿದ್ದ ದಿನ, ಮಾಡಿಸಿಕೊಂಡು ಬಾ ಎಂದು ನನ್ನ ಕೈಗೆ ಕೊಟ್ಟಿರಿ.

ಹೋದೆ. ಅಲ್ಲಿ ಅಕ್ಕಪಕ್ಕದ ಮನೆಗಳ ಪಾತ್ರೆಗಳು ಸಾಲಾಗಿದ್ದವು. ಹೆಂಗಸರು ನಿಂತಿದ್ದರು. ನನ್ನ ಗೆಳೆಯನೂ ತನ್ನ ತಾಯಿಯ ಜೊತೆ ನಿಂತಿದ್ದ. ನನಗೆ ಒಂದೇ ಯೋಚನೆ—ಈ ಬೋಗುಣಿ ಬೆಂಕಿಯ ಮೇಲೆ ಕಾದರೆ ಅದಕ್ಕೆ ಹಿಡಿದ ಮೀನಿನ ವಾಸನೆ ಎಲ್ಲರ ಮುಂದೆ ಏಳುತ್ತದೆ. ಬೋಗುಣಿಯನ್ನು ಪಂಚೆಯ ಮರೆಯಲ್ಲಿ ಹಿಡಿದು ಹಾಗೇ ಹಿಂದಿರುಗಿದೆ.

ಹಿತ್ತಲಲ್ಲಿ ಕೂತಾಗ ಆ ದುರ್ಬುದ್ಧಿ ಬಂತು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಯಾವುದೋ ಉಪಕರಣ ಒಡೆದಾಗ ಚೆಲ್ಲಿದ ಪಾದರಸವನ್ನು ನಾವು ಹುಡುಗರು ಹಂಚಿಕೊಂಡಿದ್ದೆವು. ತಾಮ್ರದ ಚೂರಿಗೆ ಉಜ್ಜಿ, ಬೆಳ್ಳಿ ಆಯಿತು ನೋಡು ಎಂದು ಆಡುತ್ತಿದ್ದೆವು. ನನ್ನ ಪಾಲು ಮಸಿಯ ಬಾಟಲಿಯಲ್ಲಿತ್ತು. ಹುಣಸೆಹಣ್ಣು ಹಾಕಿ ಬೋಗುಣಿ ತಿಕ್ಕಿ, ಅದನ್ನು ಒಳಗೆಲ್ಲ ಸವರಿದೆ. ಬೆಳ್ಳಗೆ ಹೊಳೆಯಿತು.

ಪಾದರಸವನ್ನು ಬೆಂಕಿಯ ಹತ್ತಿರ ಒಯ್ಯಬೇಡಿ, ಅದರ ಆವಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ ಎಂದು ನಮಗೆ ಮೇಷ್ಟ್ರು ಹೇಳಿದ್ದರು. ನಾನು ಅದನ್ನು ಬರೆದುಕೊಂಡಿದ್ದೆ ಕೂಡ. ಗೊತ್ತಿಲ್ಲದೆ ಮಾಡಿದೆ ಎನ್ನುವ ಬಾಗಿಲು ನನಗಿಲ್ಲ ಅತ್ತಿಗೆ. ಸದ್ಯಕ್ಕೆ ತೋರಿಸಲಿಕ್ಕೆ ಇರಲಿ, ಮೀನು ಬರುವುದರೊಳಗೆ ಬೇರೆ ಬಡಾವಣೆಗೆ ಒಯ್ದು ನಿಜವಾದ ಕಲಾಯಿ ಮಾಡಿಸಿದರಾಯಿತು—ಹೀಗೆಂದುಕೊಂಡೆ. ಅಂದುಕೊಂಡು ಮರೆತೆ.

ನೀವು ಬೋಗುಣಿಯನ್ನು ಬೆಳಕಿಗೆ ಹಿಡಿದು ನಕ್ಕಿರಿ. "ಎಷ್ಟ್ ಬೆಳ್ಳಗೆ ಮಾಡವ್ನೆ ನೋಡು ಮಾದು. ಮೊಕ ಕಾಣ್ತದೆ."

ಆ ಭಾನುವಾರ ಹೇಳದೆ ಕೇಳದೆ ನಿಮ್ಮಣ್ಣ ಸಿದ್ದಣ್ಣ ಬಂದ. ಬುಟ್ಟಿಯ ತುಂಬ ಗೆಂಡೆ ಮೀನು, ಕಿವಿರು ಇನ್ನೂ ಕೆಂಪಗಿತ್ತು. ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದ ನನ್ನನ್ನು ನೋಡಿ ಅವನಿಗೆ ತಮಾಷೆ.

"ಏನ್ ಬುದ್ಯೋರೆ, ಮುಳ್ಳು ತೆಗ್ದು ತಿನ್ನಾಕೆ ಬತ್ತದಾ, ಇಲ್ಲ ಅದ್ಕೂ ಪುಸ್ತ್ಕ ನೋಡ್ಬೇಕಾ?"

ಮೆಲ್ಲಗೆ ಮಾತಾಡಿ ಎಂದು ಎದುರು ಮನೆಯ ಕಡೆ ನೋಡಿದೆ. ಅವನು ನಕ್ಕು ಒಳಗೆ ಹೋದ. ಮಾರ್ಕೆಟ್ಟಿನಲ್ಲಿ ಅವನೂರಿನ ಗಾಡಿ ಕಾಯುತ್ತಿದ್ದುದರಿಂದ ಊಟಕ್ಕೆ ನಿಲ್ಲಲಾಗಲಿಲ್ಲ. ಬುಟ್ಟಿ ಕಂಡಾಗಲೇ ನನಗೆ ಬೋಗುಣಿ ನೆನಪಾಗಬೇಕಿತ್ತು. ಆಗಲಿಲ್ಲ. ಮೀನು ಬಂದಿರುವುದು ಗೆಳೆಯನಿಗೆ ತಿಳಿಯಬಾರದು ಎನ್ನುವುದೊಂದೇ ತಲೆಯಲ್ಲಿ—ಅವನನ್ನು ಮಾತಿಗೆ ಹಿಡಿದಿಡಲು ಎದುರು ಮನೆಗೆ ಹೋಗಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಅವನು ಮೂಗರಳಿಸಿ, ಎಲ್ಲಿಂದಲೋ ಮೀನಿನ ವಾಸನೆ ಬರ್ತಿದೆ ಕಣೋ ಎಂದ. ಮೋರಿ ಇರಬೇಕು ಎಂದೆ. ಎದ್ದು ಮನೆಗೆ ಓಡಿದೆ.

ನಾನು ಓಡಿದ್ದು ಯಾರನ್ನೂ ಉಳಿಸಲಿಕ್ಕಲ್ಲ. ಕಿಟಕಿ ಮುಚ್ಚಲಿಕ್ಕೆ.

ಸೆಕೆಗೆ ನೀವು ಕಿಟಕಿಯನ್ನು ಒಂದಿಷ್ಟು ತೆರೆದಿದ್ದಿರಿ. ಒಲೆಯ ಮೇಲೆ ಬಾಗಿ ಕೆಮ್ಮುತ್ತಿದ್ದಿರಿ. ನಾನು ಹೋದವನೇ ಕಿಟಕಿ ಎಳೆದು ಅಗುಳಿ ಹಾಕಿದೆ.

"ಉಸ್ರು ಕಟ್ದಂಗೆ ಆಯ್ತದೆ ಕಣಪ್ಪ, ಒಂಚೂರು ತೆಗ್ದಿರ್ಲಿ."

"ಬ್ಯಾಡಿ ಅತ್ಗೆ. ವಾಸ್ನೆ ಆಚೆಗೆ ಹೋಯ್ತದೆ."

ಆಮೇಲೆ ತಿರುಗಿದೆ. ಒಲೆಯ ಮೇಲೆ ಬೋಗುಣಿ ಇತ್ತು. ಸಾರು ಕುದಿದು ಇಳಿದ ಅಂಚಿನಲ್ಲಿ ಒಂದು ಬೆರಳಗಲ ಕಾಣುತ್ತಿತ್ತು—ಬಿಳುಪೆಲ್ಲ ಹೋಗಿ ಹಳದಿ. ಎಲ್ಲಿಗೆ ಹೋಯಿತು ಆ ಬಿಳುಪು? ನನಗೆ ಗೊತ್ತಿತ್ತು. ಮೇಷ್ಟ್ರ ಮಾತು ಅಕ್ಷರ ಅಕ್ಷರವಾಗಿ ಕಿವಿಯಲ್ಲಿ ಕೇಳಿತು. ಮೀನಿನ ವಾಸನೆಗೆ ಹೆದರಿ ನಾನು ಕಿಟಕಿ ಮುಚ್ಚಿದ್ದೆ. ಒಳಗೆ ತುಂಬಿದ್ದಕ್ಕೆ ವಾಸನೆಯೇ ಇರಲಿಲ್ಲ.

ನೀವು ಬೋಗುಣಿ ಇಳಿಸಿ ನೆಲದ ಮೇಲಿಟ್ಟಿರಿ. ಊಟದ ತಣಿಗೆ ಹಾಕಿದಿರಿ. ಅಣ್ಣ ಬಂದು ಕೂತ, ಅವ್ವ ಕೂತಳು, ನಾನೂ ಕೂತೆ. ಬೋಗುಣಿ ನನ್ನ ಪಾದದಿಂದ ಒಂದು ಗೇಣು ದೂರದಲ್ಲಿತ್ತು. ಒಂದು ಗೇಣು. ಕಾಲು ಚಾಚಿದ್ದರೆ ಸಾಕಿತ್ತು, ಜಾರಿತು ಎಂದಿದ್ದರಾಗಿತ್ತು. ನಿಜ ಹೇಳುವ ಧೈರ್ಯ ಬೇಡ, ಎಡವುವಷ್ಟು ಧೈರ್ಯ ಸಾಕಿತ್ತು. ಇಂದಿಗೂ ಊಟಕ್ಕೆ ಕೂತರೆ ನನ್ನ ಬಲಗಾಲು ತಾನೇ ತಾನಾಗಿ ಮುಂದಕ್ಕೆ ಸರಿಯುತ್ತದೆ—ಹೆಂಡತಿ ಕೇಳುತ್ತಾಳೆ, ಏನದು ಅಂತ.

ನೀವು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಳ್ಳು ತೆಗೆದಿರಿ. ಅವಳು ಬಾಯಿ ತೆರೆದಳು.

ನಾನು ನೋಡುತ್ತಿದ್ದೆ. ಏನೂ ಆಗಲಿಕ್ಕಿಲ್ಲ ಎಂದುಕೊಂಡೆ. ಸ್ವಲ್ಪವೇ ಅಲ್ಲವೇ ಎಂದುಕೊಂಡೆ. ನನ್ನ ತಣಿಗೆಯಲ್ಲಿದ್ದುದನ್ನು ನಾನೂ ಉಂಡೆ. ಅದು ಪ್ರಾಯಶ್ಚಿತ್ತವಲ್ಲ, ಉಣ್ಣದಿದ್ದರೆ ಯಾಕೆಂದು ಕೇಳುತ್ತಿದ್ದರಲ್ಲ, ಅದಕ್ಕೆ.

ಸಂಜೆಯ ಹೊತ್ತಿಗೆ ಎಲ್ಲರಿಗೂ ವಾಂತಿ. ಪುಟ್ಟಿಯ ಕಣ್ಣು ಮೇಲೆ ಸಿಕ್ಕಿಕೊಂಡವು, ಮೈ ಬಟ್ಟೆಯಂತೆ ಜೋತುಬಿತ್ತು. ಒಲೆಯ ಮುಂದೆ ಇದ್ದವರು ನೀವು—ನಿಮಗೆ ಉಸಿರೇ ಇಳಿಯುತ್ತಿರಲಿಲ್ಲ. ಅಣ್ಣ ಡಾಕ್ಟರನ್ನು ಕರೆತಂದ. ಅವರು ನಾಲಿಗೆ ನೋಡಿದರು, ನಾಡಿ ನೋಡಿದರು, ಏನು ಉಂಡಿರಿ ಎಂದು ಕೇಳಿದರು. ಆಮೇಲೆ ಕೇಳಿದರು, ಪಾತ್ರೆಗೆ ಕಲಾಯಿ ಆಗಿತ್ತೇನಮ್ಮಾ?

ನೀವು ಬೆರಳೆತ್ತಿ ನನ್ನನ್ನು ತೋರಿಸಿದಿರಿ. ದೂರಲಿಕ್ಕಲ್ಲ—ಇವನೇ ಮಾಡಿಸಿಕೊಂಡು ಬಂದ, ಇವನನ್ನು ಕೇಳಿ ಎನ್ನುವ ನಂಬಿಕೆಯಿಂದ. ಎಲ್ಲರೂ ನನ್ನ ಕಡೆ ತಿರುಗಿದರು.

"ಆಗಿತ್ತು ಡಾಕ್ಟ್ರೆ. ಮೊನ್ನೆ ತಾನೆ ಆಗಿದ್ದು."

ಹಾಗಾದರೆ ಮೀನು ಕೆಟ್ಟಿರಬೇಕು ಎಂದರು ಅವರು. ಕೆಟ್ಟ ಮೀನಿಗೆ ಏನು ಮದ್ದೋ ಅದನ್ನು ಕೊಟ್ಟರು. ನಿಜ ಗೊತ್ತಿದ್ದರೆ ಬೇರೆಯೇ ಮದ್ದು ಕೊಡುತ್ತಿದ್ದರೋ ಏನೋ. ನನ್ನ ಒಂದು ಮಾತಿನಿಂದ ನೀವೂ ಆ ಮಗುವೂ ಬರೀ ಅದೃಷ್ಟದ ಕೈಯಲ್ಲಿ ಉಳಿದಿರಿ. ಪುಟ್ಟಿ ಕಣ್ಣು ಬಿಟ್ಟಳು. ನಿಮಗೆ ಬಾಯಿ ಊದಿ ಗಂಜಿಯೂ ಇಳಿಯದೆ, ಒಸಡು ಹುಣ್ಣಾಗಿ ಮುಂದಿನ ಹಲ್ಲುಗಳು ಹೋದವು. ಅಂದಿನಿಂದ ನೀವು ನಗುವಾಗ ಸೆರಗು ಅಡ್ಡ ಹಿಡಿಯುತ್ತೀರಿ.

ಬೋಗುಣಿ ಅಪಶಕುನ ಎಂದು ನಾನೇ ಒಯ್ದು ಊರಾಚೆಯ ಹಾಳುಬಾವಿಗೆ ಎಸೆದೆ. ಎಷ್ಟು ತಿಳಿದವನು ನೋಡು ಎಂದಳು ಅವ್ವ. ಮತ್ತೆ ನಿಮ್ಮ ಕಡೆ ತಿರುಗಿ, ನಿಮ್ಮಣ್ಣ ತಾನು ಉಣ್ಣದೆ ಎದ್ದು ಹೋದದ್ದು ಅದಕ್ಕೇ, ಕೆಟ್ಟದ್ದೆಂದು ಅವನಿಗೆ ಗೊತ್ತಿತ್ತು ಎಂದಳು.

ಸುದ್ದಿ ತಿಳಿದು ಸಿದ್ದಣ್ಣ ಎಳನೀರು ಹೊತ್ತು ಓಡಿ ಬಂದ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ನನ್ ಮೊಮ್ಮಗಳ ಜೀವ ತಗಿಯಾಕೆ ಬಂದಿದ್ದೆಲ್ಲಪ್ಪ. ಇನ್ ಈ ಹೊಸ್ಲು ತುಳೀಬ್ಯಾಡ." ಅಣ್ಣ ತಲೆ ತಗ್ಗಿಸಿದ್ದ. ನೀವು ಒಳಗೆ ಚಾಪೆಯ ಮೇಲೆ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಿರಿ. ಸಿದ್ದಣ್ಣ ಜಗಲಿಯಲ್ಲಿದ್ದ ನನ್ನನ್ನು ನೋಡಿದ.

"ನೀವಾದ್ರೂ ಹೇಳಿ ಬುದ್ಯೋರೆ. ನನ್ ತಂಗಿ ಮನೆಗೆ ನಾನು ಕೆಟ್ ಮೀನ್ ತಂದೇನಾ?"

ಈ ಸಲ ತಮಾಷೆ ಇರಲಿಲ್ಲ. ನಾನು ಅವನ ಮುಖ ನೋಡಲಿಲ್ಲ. ನೋಡಿದ್ದು ಎದುರು ಮನೆಯನ್ನು—ಅಲ್ಲಿ ಯಾರಾದರೂ ಮೀನು ಎಂಬ ಮಾತು ಕೇಳಿಸಿಕೊಂಡರೇ ಎಂದು. ಅವನು ಎಳನೀರನ್ನು ಜಗಲಿಯ ಮೇಲಿಟ್ಟು ಹೋದ. ಮತ್ತೆ ಬರಲಿಲ್ಲ. ನೀವು ತವರಿಗೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಮೀನು ಸಾರು ಆಗಲಿಲ್ಲ.

ಅವ್ವ ಈಗ ಇಲ್ಲ. ಅವಳು ನಂಬಿದ್ದನ್ನೇ ನಂಬಿಕೊಂಡು ಹೋದಳು. ಅದನ್ನು ನಾನು ತಿದ್ದಲಾರೆ. ಸಿದ್ದಣ್ಣ ಇದ್ದಾನೆ.

ಇಷ್ಟು ಬರೆದು ಓದಿದಾಗ ಒಂದು ಮಾತು ಹೊಳೆಯಿತು. ನಿಮಗೆ ಓದಲು ಬಾರದು. ಓದಲು ಬಾರದವರಿಗೆ ಇಷ್ಟುದ್ದ ಬರೆದು ಕೂತಿದ್ದೇನೆ—ಇದೂ ಕಿಟಕಿ ಮುಚ್ಚುವ ಕೆಲಸವೇ.

ನಾಳೆ ಭಾನುವಾರ. ಅಣ್ಣ ಮನೆಯಲ್ಲಿರುತ್ತಾನೆ, ಪುಟ್ಟಿಯೂ ಇರುತ್ತಾಳೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ ಅತ್ತಿಗೆ, ಅದನ್ನು ಕೇಳುವ ಮುಖ ನನಗಿಲ್ಲ. ನಿಮ್ಮ ಕೈಯಲ್ಲಿ ದೋಷವಿರಲಿಲ್ಲ ಎನ್ನುವುದನ್ನು ನಿಮ್ಮ ಮಗಳು ಕೇಳಬೇಕು. ಆಮೇಲೆ ನೀವು ಹೊಸ್ತಿಲು ತುಳಿಯಬೇಡ ಎಂದರೆ, ಸರಿ. ಅಲ್ಲಿಂದ ನೇರ ಸಿದ್ದಣ್ಣನ ಊರಿಗೆ ಹೋಗಿ ಅವನ ಜಗಲಿಯ ಮುಂದೆ ನಿಲ್ಲುತ್ತೇನೆ.

ಬಂದವನು ಮೊದಲು ಅಡಿಗೆಮನೆಗೆ ಹೋಗಿ ಬೀದಿ ಕಡೆಯ ಅದೇ ಕಿಟಕಿ ತೆರೆಯುತ್ತೇನೆ. ಆಮೇಲೆ ಹೇಳುತ್ತೇನೆ—ಎದುರು ಮನೆಗೆ ಕೇಳುವಷ್ಟು ಗಟ್ಟಿಯಾಗಿ.